ಕೆಂಪು ಮಾತ್ರೆ ಹೊಟ್ಟೆಗೋ, ಡಬ್ಬಿಗೋ?

ಸೀಮಂತಕ್ಕೆ ಸಾಲ ಮಾಡಿಯಾದರೂ ಸಾವಿರಗಟ್ಟಲೆ ಸುರಿಯುತ್ತೇವೆ. ಹಸಿರು ಬಳೆ, ಬಗೆಬಗೆ ಚಿತ್ರಾನ್ನ, ಶಾಮಿಯಾನ ಎಲ್ಲಾ ಉಂಟು. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಟ್ಟ ಕಬ್ಬಿಣಾಂಶದ ಕೆಂಪು ಮಾತ್ರೆ ಮಾತ್ರ ಡಬ್ಬಿಯಲ್ಲೇ ಇರುತ್ತೆ! ಯಾಕಮ್ಮಾ ಅಂದರೆ "ವಾಕರಿಕೆ ಬರುತ್ತೆ, ಮಲ ಕಪ್ಪಾಗುತ್ತೆ" ಅಂತಾರೆ. "ಮಗು ದಪ್ಪ ಆದ್ರೆ ಹೆರಿಗೆ ಕಷ್ಟ" ಅಂತ ಅತ್ತೆಯ ಒಗ್ಗರಣೆ ಬೇರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ. ಬಸುರಿದ್ದಾಗ 180 ದಿನ ಮಾತ್ರೆ ನುಂಗಿದ ತಾಯಂದಿರು ನೂರಕ್ಕೆ 26 ಮಾತ್ರ! ಮೈಯಲ್ಲಿ ರಕ್ತವೇ ಇಲ್ಲದವಳು ಹೆರಿಗೆಯ ರಕ್ತಸ್ರಾವ ಹೇಗೆ ತಡೆದಾಳು?

ಮಲ ಕಪ್ಪಾದರೆ ಗಾಬರಿ ಬೇಡ, ಅದು ಕಬ್ಬಿಣಾಂಶದ ಗುಣ. ವಾಕರಿಕೆಯಾದರೆ ರಾತ್ರಿ ಊಟದ ಮೇಲೆ ನುಂಗಲಿ. ಮಾತ್ರೆ ಜತೆ ಕಾಫಿ, ಟೀ ಬೇಡ, ನಿಂಬೆರಸ ಒಳ್ಳೇದು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ತಟ್ಟೆಯಲ್ಲಿ ರಾಗಿ, ಸೊಪ್ಪು, ಕಾಳು, ಮೊಟ್ಟೆಯೂ ಬೇಕು.

2017ರ ಅಕ್ಟೋಬರ್ 2ರಂದು ಸರ್ಕಾರ 'ಮಾತೃಪೂರ್ಣ' ತಂದು ಅಂಗನವಾಡಿಯಲ್ಲೇ ಬಸುರಿಯರಿಗೆ ಬಿಸಿಯೂಟ ಅಂದಿತು. ಯೋಚನೆ ಒಳ್ಳೇದೇ. ಆದರೆ ಕೂಲಿಗೆ ಹೋದವಳು, ಅಂಗಡಿಯಲ್ಲಿ ನಿಂತವಳು ಮಧ್ಯಾಹ್ನ ಅಲ್ಲಿಗೆ ಬರೋದು ಹೇಗೆ ಸ್ವಾಮಿ?

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಪುಕ್ಕಟೆ ತಪಾಸಣೆ. ಅಂಗಡಿ ಯಜಮಾನರೇ, ಅವತ್ತು ಕೆಲಸದ ಹೆಣ್ಣುಮಗಳನ್ನು ಸಂಬಳ ಕಡಿಯದೆ ಕಳಿಸಿಕೊಡಿ. ಸಂಜೆ ಬಸ್ಸಿಗೆ ಕಾದಿರುವ ಗಂಡಂದಿರೇ, ಮನೆಗೆ ಹೋದೊಡನೆ ಡಬ್ಬಿ ತೆಗೆದು ಮಾತ್ರೆ ಎಣಿಸಿ!