ಕಡಲ ನಡುವೆ ಕದಲದ ಚುಕ್ಕಿ

ಮುಂಬೈ ತೀರದಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ಸಾಗಿದರೆ ಅರಬ್ಬಿ ಸಮುದ್ರದಲ್ಲಿ ಉಕ್ಕಿನ ಊರೊಂದು ಎದುರಾಗುತ್ತದೆ. ನೀರಿನಾಳದಿಂದ ಮೇಲೆದ್ದ ಕಂಬಗಳು, ಅವುಗಳ ಮೇಲೆ ಅಂತಸ್ತು ಅಂತಸ್ತಾಗಿ ಅಟ್ಟಣೆಗಳು. 1974ರಲ್ಲಿ ತೈಲ ಪತ್ತೆಯಾದ ‘ಬಾಂಬೆ ಹೈ’ ಇದೇ. ಈಗ ಇದನ್ನು ಮುಂಬೈ ಹೈ ಎನ್ನುತ್ತಾರೆ.

ಇಂಥ ಅಟ್ಟಣೆಗಳು ಜಗತ್ತಿನ ಅನೇಕ ಕಡಲುಗಳಲ್ಲಿವೆ. ಹೊಸವು ಏಳುತ್ತವೆ, ಹಳೆಯವನ್ನು ಕಳಚುತ್ತಾರೆ, ಕೆಲವು ಬಿರುಗಾಳಿಗೆ ಉರುಳುತ್ತವೆ. ಎಲ್ಲೆಲ್ಲಿ ಯಾವುದಿದೆ ಎಂದು ದೋಣಿಯಲ್ಲಿ ಸುತ್ತಿ ಎಣಿಸುವುದು ಆಗದ ಮಾತು. ಆ ಕೆಲಸವನ್ನು ಆಕಾಶದಿಂದ ಮಾಡಬಹುದೇ?

ಮಾಡಬಹುದು. ಆದರೆ ಮಾಮೂಲಿ ಕ್ಯಾಮೆರಾಕ್ಕೆ ಮೋಡವೂ ಕತ್ತಲೂ ಅಡ್ಡಿ. ಆದ್ದರಿಂದ ವಿಜ್ಞಾನಿಗಳು ರೇಡಾರ್ ಉಪಗ್ರಹಗಳ ಮೊರೆ ಹೋಗುತ್ತಾರೆ. ಯೂರೋಪಿನ ಸೆಂಟಿನೆಲ್-1 ಸರಣಿಯ ಮೊದಲ ಉಪಗ್ರಹ 2014ರಲ್ಲಿ ಮೇಲೇರಿತು. ಭಾರತ ಅದಕ್ಕೂ ಮುಂಚೆ, 2012ರಲ್ಲಿ, ರಿಸ್ಯಾಟ್-1 ಹಾರಿಸಿತ್ತು. ಇವು ತಾವೇ ಸೂಕ್ಷ್ಮತರಂಗಗಳನ್ನು ಓರೆಯಾಗಿ ಕೆಳಗೆ ಕಳುಹಿಸಿ, ಮರಳಿ ಬಂದದ್ದನ್ನು ಅಳೆಯುತ್ತವೆ. ಈ ತರಂಗಗಳಿಗೆ ಮೋಡ ಅಡ್ಡಿಯಲ್ಲ, ರಾತ್ರಿಯ ಹಂಗೂ ಇಲ್ಲ.

ನುಣುಪಾದ ನೆಲದ ಮೇಲೆ ರಬ್ಬರ್ ಚೆಂಡನ್ನು ಓರೆಯಾಗಿ ಎಸೆಯಿರಿ. ಪುಟಿದು ದೂರ ಹೋಗುತ್ತದೆ. ಅದನ್ನೇ ಗೋಡೆ ಮತ್ತು ನೆಲ ಸೇರುವ ಮೂಲೆಗೆ ಎಸೆದರೆ ನಿಮ್ಮತ್ತಲೇ ಹಿಂದಿರುಗುತ್ತದೆ. ಶಾಂತ ಸಮುದ್ರ ಆ ನೆಲವಿದ್ದಂತೆ. ತರಂಗಗಳು ಆಚೆ ಚಿಮ್ಮಿಹೋಗುವುದರಿಂದ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಅಟ್ಟಣೆಯ ಉಕ್ಕಿನ ಮೂಲೆಗಳು ತರಂಗಗಳನ್ನು ಹಿಂದಕ್ಕೆ ಕಳುಹಿಸುವುದರಿಂದ ಅದು ಬೆಳ್ಳನೆ ಹೊಳೆಯುವ ಚುಕ್ಕಿಯಾಗುತ್ತದೆ.

ತೊಡಕು ಇರುವುದು ಇಲ್ಲೇ. ಹಡಗೂ ಉಕ್ಕಿನದೇ, ಅದೂ ಹೊಳೆಯುವ ಚುಕ್ಕಿಯೇ! ಒಂದೇ ಚಿತ್ರ ನೋಡಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಅದಕ್ಕೆ ಉಪಾಯ ಬಲು ಸರಳ: ಕಾದು ಮತ್ತೆ ನೋಡುವುದು. ಸೆಂಟಿನೆಲ್-1ರ ಪ್ರತಿ ಉಪಗ್ರಹವೂ 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ. ಹಲವು ತಿಂಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಕಂಪ್ಯೂಟರ್ ಹೋಲಿಸುತ್ತದೆ. ಹಡಗುಗಳು ಇಂದು ಇಲ್ಲಿ, ನಾಳೆ ಅಲ್ಲಿ; ಲೆಕ್ಕದಲ್ಲಿ ಅಳಿಸಿಹೋಗುತ್ತವೆ. ಕದಲದೆ ಉಳಿದದ್ದು ಅಟ್ಟಣೆ.

ಬಂಡೆ, ನಡುಗಡ್ಡೆಗಳೂ ಕದಲುವುದಿಲ್ಲವಲ್ಲ ಎನ್ನಬಹುದು. ಅವನ್ನು ಕಡಲ ನಕ್ಷೆ ನೋಡಿ ಕೈಬಿಡುತ್ತಾರೆ. ಗಾಳಿಯಂತ್ರಗಳು ಸಾಮಾನ್ಯವಾಗಿ ಸಾಲುಸಾಲಾಗಿ ನಿಂತಿರುವುದರಿಂದ ಗುರುತು ಸಿಗುತ್ತದೆ. ಅಟ್ಟಣೆಯಲ್ಲಿ ಬೇಡದ ಅನಿಲವನ್ನು ಉರಿಸುತ್ತಿದ್ದರೆ, ಇರುಳಲ್ಲಿ ಶಾಖ ಗುರುತಿಸುವ ಉಪಗ್ರಹಗಳು ಆ ಜ್ವಾಲೆಯನ್ನು ತೋರಿಸಿಕೊಡುತ್ತವೆ. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, 2021ರ ಕೊನೆಗೆ ಸಮುದ್ರಗಳಲ್ಲಿ ಸುಮಾರು 28,000 ಕಟ್ಟಡಗಳಿದ್ದವೆಂದು ಉಪಗ್ರಹ ಚಿತ್ರಗಳಿಂದ ಎಣಿಸಿತು. ಅವುಗಳಲ್ಲಿ ಗಾಳಿಯಂತ್ರಗಳ ಸಂಖ್ಯೆ ತೈಲ ಅಟ್ಟಣೆಗಳನ್ನೂ ಮೀರಿತ್ತು.

ಈ ಎಣಿಕೆಯಿಂದ ಏನು ಉಪಯೋಗ? 2004ರ ಸೆಪ್ಟೆಂಬರಿನಲ್ಲಿ ಐವಾನ್ ಚಂಡಮಾರುತ ಅಮೆರಿಕದ ಲೂಸಿಯಾನಾ ತೀರದಾಚೆ ಒಂದು ಅಟ್ಟಣೆಯನ್ನು ಉರುಳಿಸಿತು. ಸಮುದ್ರತಳದ ಕೆಸರು ಜರಿದು ಅಲ್ಲಿದ್ದ ಬಾವಿಗಳನ್ನು ಮುಚ್ಚಿತು. ಅಲ್ಲಿಂದ ತೈಲ ವರ್ಷಗಟ್ಟಲೆ ಸೋರುತ್ತಲೇ ಇತ್ತು. ಅದನ್ನು ಹಿಡಿದಿಡುವ ವ್ಯವಸ್ಥೆ ಸಿದ್ಧವಾದದ್ದು 2019ರಲ್ಲಿ! ನೀರಿನ ಮೇಲಿನ ತೈಲದ ಪೊರೆ ಕಿರುತೆರೆಗಳನ್ನು ಅಡಗಿಸುವುದರಿಂದ ರೇಡಾರ್ ಚಿತ್ರದಲ್ಲಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಅಂದರೆ ಹೊಳೆಯುವ ಚುಕ್ಕಿ ಇದ್ದಕ್ಕಿದ್ದಂತೆ ಮಾಯವಾಗಿ, ಅಲ್ಲೇ ಕಪ್ಪು ಪಟ್ಟಿ ಮತ್ತೆ ಮತ್ತೆ ಕಂಡರೆ ಏನೋ ಅನಾಹುತವಾಗಿದೆ ಎಂದೇ ಅರ್ಥ. ಆದರೆ ಚುಕ್ಕಿ ಮೊದಲು ಎಲ್ಲಿತ್ತು ಎಂಬ ಲೆಕ್ಕ ಇದ್ದರೆ ತಾನೆ, ಅದು ಮಾಯವಾದದ್ದು ತಿಳಿಯುವುದು?

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮಾಳಿಗೆಯ ಒಂದೇ ಜಾಗದಿಂದ ಹತ್ತು ನಿಮಿಷಕ್ಕೊಮ್ಮೆ ಬೀದಿಯ ಐದಾರು ಫೋಟೋ ತೆಗೆದು ಹೋಲಿಸಿ ನೋಡಿ. ಎಲ್ಲದರಲ್ಲೂ ಉಳಿದದ್ದು ದೀಪದ ಕಂಬ, ಉಳಿದವರೆಲ್ಲ ದಾರಿಹೋಕರು. ನಿಲ್ಲಿಸಿದ ಸ್ಕೂಟರೊಂದು ಐದೂ ಚಿತ್ರಗಳಲ್ಲಿ ಕಂಡು ನಿಮ್ಮನ್ನು ಏಮಾರಿಸಬಹುದು. ಲಂಗರು ಹಾಕಿದ ಹಡಗು ವಿಜ್ಞಾನಿಗಳನ್ನು ಕಾಡುವುದೂ ಹಾಗೆಯೇ. ಅವರು ತಿಂಗಳುಗಟ್ಟಲೆ ಚಿತ್ರ ಕೂಡಿಡುವುದು ಅದಕ್ಕಾಗಿಯೇ.