ಸರ್ಕಾರ ಕಟ್ಟಿದ ಸಮೃದ್ಧಿ, ಸರ್ಕಾರವೇ ಹಾಕಿದ ಬೇಲಿ

ಅಮೆರಿಕದ ರಾಜಕಾರಣಿಗಳು ಕಳೆದುಹೋದ ಒಳ್ಳೆಯ ದಿನಗಳ ಮಾತೆತ್ತಿದರೆ, ಬಹುಮಟ್ಟಿಗೆ ಅದು 1950ರ ದಶಕದ ಮಾತೇ ಆಗಿರುತ್ತದೆ. ಒಬ್ಬರ ಸಂಬಳದಲ್ಲಿ ನಡೆಯುವ ಸಂಸಾರ, ಸ್ವಂತ ಮನೆ, ಬಾಗಿಲಲ್ಲೊಂದು ಕಾರು. ಇದೆಲ್ಲ ಮುಕ್ತ ಮಾರುಕಟ್ಟೆ ಮತ್ತು ಬೆವರಿನ ಫಲ ಎಂಬ ನಂಬಿಕೆ ಅಲ್ಲಿ ಆಳವಾಗಿ ಬೇರೂರಿದೆ. ಬೆವರಿನ ಪಾಲನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಸಮೃದ್ಧಿಗೆ ಅಡಿಪಾಯ ಹಾಕಿದ್ದು ಸರ್ಕಾರ. ಅದರೊಳಗೆ ಯಾರಿಗೆ ಪ್ರವೇಶ, ಯಾರಿಗೆ ಇಲ್ಲ ಎಂಬುದರಲ್ಲೂ ಸರ್ಕಾರದ ಕೈ ಇತ್ತು.

ನ್ಯೂಯಾರ್ಕ್ ಸಮೀಪದ ಲೆವಿಟ್‌ಟೌನ್ ಬಡಾವಣೆಯನ್ನೇ ನೋಡಿ. ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ 1947ರಿಂದ 1951ರ ನಡುವೆ 17 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದುನಿಂತವು. ಬಿಲ್ಡರ್ ವಿಲಿಯಂ ಲೆವಿಟ್ ಮನೆ ಕಟ್ಟುವ ಕೆಲಸವನ್ನು 27 ಹಂತಗಳಾಗಿ ಒಡೆದು, ಹಂತಕ್ಕೊಂದು ತಂಡ ನೇಮಿಸಿದರು. ನೆಲಮಾಳಿಗೆ ಕೈಬಿಟ್ಟು ಕಾಂಕ್ರೀಟ್ ಹಾಸಿನ ಮೇಲೇ ಗೋಡೆ ಎಬ್ಬಿಸಿದರು. 1949ರ ಮಾದರಿಯ ಬೆಲೆ 7,990 ಡಾಲರ್. ವಾಷಿಂಗ್ ಮಷೀನ್ ಕೂಡ ಅದರಲ್ಲೇ ಸೇರಿತ್ತು.

ಇಷ್ಟಾದರೂ ಆಗಷ್ಟೇ ಎರಡನೇ ಮಹಾಯುದ್ಧದಿಂದ ಮರಳಿದ್ದ ಯುವಕರ ಬಳಿ ದುಡ್ಡೆಲ್ಲಿತ್ತು? ‘ಜಿ.ಐ. ಬಿಲ್’ ಎಂದೇ ಹೆಸರಾದ 1944ರ ಕಾಯ್ದೆ ಮಾಜಿ ಸೈನಿಕರ ಗೃಹಸಾಲಕ್ಕೆ ಸರ್ಕಾರದ ಖಾತರಿ ಕೊಟ್ಟಿತು. ಫೆಡರಲ್ ಗೃಹನಿರ್ಮಾಣ ಆಡಳಿತ (ಎಫ್‌ಎಚ್‌ಎ) ಸಾಲಗಳಿಗೆ ವಿಮೆ ಒದಗಿಸಿತು. ಸಾಲ ಮುಳುಗುವ ಭಯ ತಪ್ಪಿದ್ದರಿಂದ ಬ್ಯಾಂಕುಗಳು ಮುಂಗಡವಿಲ್ಲದೆಯೂ ಸಾಲ ಕೊಟ್ಟವು. 1940ರಲ್ಲಿ ಶೇ 44ರಷ್ಟು ಕುಟುಂಬಗಳಿಗೆ ಸ್ವಂತ ಮನೆಯಿತ್ತು. 1960ರ ವೇಳೆಗೆ ಆ ಪ್ರಮಾಣ ಶೇ 62ಕ್ಕೇರಿತು. ಆದರೆ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ.

ಲೆವಿಟ್‌ಟೌನ್‌ನ ಮೊದಲ ಬಾಡಿಗೆ ಕರಾರಿನಲ್ಲಿ ಬಿಳಿಯರಲ್ಲದವರು ಮನೆಯಲ್ಲಿ ವಾಸಿಸಕೂಡದು ಎಂಬ ಷರತ್ತಿತ್ತು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಇದು ಒಬ್ಬ ಬಿಲ್ಡರ್‌ನ ಖಯಾಲಿಯಲ್ಲ. ಇಂಥ ಷರತ್ತುಗಳಿರಬೇಕೆಂದು ಎಫ್‌ಎಚ್‌ಎ ಕೈಪಿಡಿಯೇ ಶಿಫಾರಸು ಮಾಡಿತ್ತು. ನ್ಯಾಯಾಲಯಗಳು ಅವನ್ನು ಜಾರಿಗೊಳಿಸುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಲೆವಿಟ್ ಕಪ್ಪು ವರ್ಣೀಯರಿಗೆ ಮನೆ ಮಾರಲಿಲ್ಲ. ಅದೇ ಯುದ್ಧದಲ್ಲಿ ಹೋರಾಡಿದ್ದರೂ ಬಹುಪಾಲು ಕಪ್ಪು ಸೈನಿಕರಿಗೆ ಗೃಹಸಾಲದ ಸೌಲಭ್ಯ ಕಾಗದದಲ್ಲೇ ಉಳಿಯಿತು. ಮಿಸಿಸಿಪ್ಪಿಯ ನಗರಗಳಲ್ಲಿ 1947ರಲ್ಲಿ ನಡೆದ ಸಮೀಕ್ಷೆಯಂತೆ, ಖಾತರಿ ಪಡೆದ 3,229 ಸಾಲಗಳಲ್ಲಿ ಕಪ್ಪು ವರ್ಣೀಯರಿಗೆ ದಕ್ಕಿದ್ದು ಎರಡೇ.

ಮನೆಯೆಂದರೆ ಬರೀ ಸೂರಲ್ಲ. ಮಕ್ಕಳ ಕಾಲೇಜು ಶುಲ್ಕಕ್ಕೆ ಅಡವಿಡುವ ಆಸ್ತಿ, ಮುಂದಿನ ಪೀಳಿಗೆಗೆ ಬಿಟ್ಟುಹೋಗುವ ಬಂಡವಾಳ. ಕಪ್ಪು ವರ್ಣೀಯರ ಕೈತಪ್ಪಿದ್ದು ಅದೇ. ಕಪ್ಪು ವರ್ಣೀಯರ ನಾಗರಿಕ ಹಕ್ಕುಗಳ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ವಸತಿ ತಾರತಮ್ಯ ನಿಷೇಧಿಸುವ ಕಾಯ್ದೆ ಬಂತು. ಅಷ್ಟರಲ್ಲಿ ಅಗ್ಗದ ಮನೆಗಳ ಕಾಲ ಮುಗಿಯುತ್ತಾ ಬಂದಿತ್ತು. 1965ರ ವಲಸೆ ಕಾಯ್ದೆಯ ನಂತರ ಅಲ್ಲಿಗೆ ಹೋಗಿ ಉಪನಗರಗಳಲ್ಲಿ ಮನೆ ಕೊಂಡ ಕನ್ನಡಿಗರೂ ಕಪ್ಪು ವರ್ಣೀಯರ ಆ ಹೋರಾಟಕ್ಕೆ ಋಣಿಗಳೇ.

ಮತ್ತೆ 1950ರ ದಶಕಕ್ಕೆ ಬಂದರೆ, ಅದರ ಬಹುಕಾಲ ಆದಾಯ ತೆರಿಗೆಯ ಗರಿಷ್ಠ ದರ ಶೇ 91ರಷ್ಟಿತ್ತು. ಕಾರ್ಮಿಕರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರು ಸಂಘಟಿತರಾಗಿದ್ದರು. ಇಂದು ಆ ಕಾಲದ ಗುಣಗಾನ ಮಾಡುವವರಲ್ಲಿ ಹಲವರಿಗೆ ಆ ತೆರಿಗೆ, ಆ ಸಂಘಟನೆ, ಆ ಸರ್ಕಾರಿ ವೆಚ್ಚ ಯಾವುದೂ ಬೇಡ. ಅವನ್ನೆಲ್ಲ ಕಳೆದರೆ 1950ರ ದಶಕದಲ್ಲಿ ಮಿಕ್ಕುವುದು ಬೇಲಿಯೊಂದೇ.