ಮಣ್ಣಿನ ಬಂಡಿಯೂ ಮಕ್ಕಳ ಕೈಯೂ

ಬೇಸಗೆಯ ರಜೆಯು ಮುಗಿಯುತ್ತ ಬಂದಿತು. ಮೇ ತಿಂಗಳ ೨೫ರ ಸುಮಾರಿಗೆ ರೋಹಿಣಿ ಮಳೆಯು ಹೂಡುವುದು; ಅದರ ಬೆನ್ನಿಗೇ ಶಾಲೆಗಳ ಬಾಗಿಲೂ ತೆರೆಯುವುದು. ಈ ಕಡೆಯ ಹತ್ತು ಹನ್ನೆರಡು ದಿನಗಳು ಮನೆಯ ಹಿರಿಯರ ತಾಳ್ಮೆಗೆ ದೊಡ್ಡ ಪರೀಕ್ಷೆಯೇ ಸರಿ. ಅಜ್ಜನ ಮನೆಗೆ ಹೋಗಿ ಬಂದಾಯಿತು, ಮಾವಿನ ಹಣ್ಣಿನ ಮೇಲಣ ಆಸೆಯೂ ತಣಿಯಿತು, "ಇನ್ನೇನು ಮಾಡಲಿ?" ಎಂದು ಮಗುವು ದಿನಕ್ಕೆ ಹತ್ತು ಸಲ ಕೇಳುತ್ತದೆ. ಆಗ ಅದರ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಿರಿಸುವುದು ಸುಲಭ. ಈ ತಿಂಗಳು ನಾವು ಗೃಹಸ್ಥರ ಮುಂದಿಡುವುದು ಮತ್ತೊಂದು ಉಪಾಯ: ಒಂದು ಮುಂಜಾನೆಯ ಹೊರಸಂಚಾರ, ಅಲ್ಲಿಂದ ತಂದ ಪದಾರ್ಥಗಳಿಂದ ಎರಡು ಮೂರು ದಿನಗಳ ಕೈಕೆಲಸ. ಇದಕ್ಕೆ ಹಣದ ವೆಚ್ಚವಿಲ್ಲ. ಹಿರಿಯರ ಕಾಲದ ವೆಚ್ಚವುಂಟು.

ಮಕ್ಕಳ ಆಟಿಕೆಯ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವುದು ಶೂದ್ರಕನ ಮೃಚ್ಛಕಟಿಕ. ನಾಟಕಕ್ಕೆ ಆ ಹೆಸರು ಬಂದುದೇ ಒಂದು ಮಣ್ಣಿನ ಬಂಡಿಯಿಂದ. ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದನು. ಆ ಹುಡುಗನು ತನ್ನ ಬಂಡಿಯನ್ನು ಹಿಂದಕ್ಕೆ ಒಯ್ದನು. ಮನೆಯ ದಾಸಿಯಾದ ರದನಿಕೆಯು ಮಣ್ಣಿನದೊಂದು ಬಂಡಿಯನ್ನು ತಾನೇ ಮಾಡಿ ಮಗುವಿಗೆ ಕೊಟ್ಟಳು. ಮಗುವು ಒಪ್ಪಲಿಲ್ಲ, ಅತ್ತಿತು. ಕಡೆಗೆ ವಸಂತಸೇನೆಯು ತನ್ನ ಆಭರಣಗಳನ್ನೇ ಬಿಚ್ಚಿ ಆ ಬಂಡಿಯಲ್ಲಿ ತುಂಬಿದಳು. ಈ ಪ್ರಸಂಗವನ್ನು ಬಡತನದ ದುಃಖವೆಂದೇ ಬಹುಮಂದಿ ಓದುತ್ತಾರೆ. ಅದು ನಿಜವೇ. ಆದರೂ ಒಂದು ಅಂಶವನ್ನು ಗಮನಿಸಬೇಕು. ಆ ಮಣ್ಣಿನ ಬಂಡಿಯನ್ನು ಮಾಡಿದವಳು ರದನಿಕೆ. ಮಗುವಿನ ಬೆರಳು ಅದಕ್ಕೆ ತಗುಲಿರಲಿಲ್ಲ. ಬೇರೆಯವರು ಮಾಡಿಕೊಟ್ಟ ಮಣ್ಣಿನ ಬಂಡಿಯು ಚಿನ್ನದ ಬಂಡಿಯ ಮುಂದೆ ಕೇವಲ ಮಣ್ಣು. ತಾನೇ ಮಾಡಿದುದಾಗಿದ್ದರೆ ಮಗುವು ಅದನ್ನು ಯಾವ ಬಂಡಿಗೂ ಬದಲಾಗಿ ಕೊಡುತ್ತಿರಲಿಲ್ಲವೆಂದು ನಮ್ಮ ಎಣಿಕೆ.

ಆದುದರಿಂದ ಮುಂದೆ ಹೇಳುವ ಕೆಲಸಗಳಿಗೆಲ್ಲ ನಿಯಮವೊಂದೇ: ಕೈಯು ಮಗುವಿನದಾಗಿರಲಿ, ಕಣ್ಣು ನಮ್ಮದಾಗಿರಲಿ.

ಬಂಡಿಯಿಂದಲೇ ಆರಂಭಿಸೋಣ. ಈ ಕಾಲದಲ್ಲಿ ಪೇಟೆಯ ಬೀದಿಗಳಲ್ಲಿ ತಾಟಿನಿಂಗು ಮಾರಾಟಕ್ಕೆ ಬರುತ್ತದೆ. ತಿರುಳನ್ನು ತಿಂದ ಮೇಲೆ ಚಿಪ್ಪನ್ನು ಎಸೆಯದೆ ಎರಡನ್ನು ಮನೆಗೆ ತರತಕ್ಕದ್ದು. ಗೇಣುದ್ದದ ಗಟ್ಟಿ ಕಡ್ಡಿಯೊಂದರ ಎರಡು ತುದಿಗಳಿಗೂ ಅವನ್ನು ನಡುವಿನಲ್ಲಿ ಚುಚ್ಚಿ ಬಿಗಿದರೆ ಗಾಲಿಯೂ ಅಚ್ಚೂ ಸಿದ್ಧವಾದವು. ತುದಿಯಲ್ಲಿ ಕವೆಯುಳ್ಳ ಉದ್ದನೆಯ ಕೋಲನ್ನು ಅಚ್ಚಿನ ಮೇಲಿಟ್ಟು ತಳ್ಳಿದರೆ ಬಂಡಿಯು ಓಡುತ್ತದೆ. ಚಿಪ್ಪುಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಆಗಿದ್ದರೆ ಬಂಡಿಯು ನೆಟ್ಟಗೆ ಹೋಗದೆ ಚಿಕ್ಕ ಗಾಲಿಯ ಕಡೆಗೆ ತಿರುಗುತ್ತದೆ. ಈ ಸಂಗತಿಯನ್ನು ಹಿರಿಯರು ಮೊದಲೇ ಹೇಳಿಬಿಡಬಾರದು. ಮಗುವು ಎರಡು ಸಲ ಬೇಲಿಗೆ ಗುದ್ದಲಿ, ಕೆಳಗೆ ಕುಳಿತು ನೋಡಲಿ, ತಾನೇ ಕಾರಣವನ್ನು ಕಂಡುಕೊಳ್ಳಲಿ. ಚೂರಿ ಹಿಡಿಯುವ ಕೆಲಸ ಮಾತ್ರ ದೊಡ್ಡವರದು.

ಎರಡನೆಯದು ತೆಂಗಿನ ಗರಿಯ ಪೀಪಿ. ಹಸುರು ಗರಿಯೊಂದರ ನಡುವಣ ಕಡ್ಡಿಯನ್ನು ಸೀಳಿ ತೆಗೆದು, ಉಳಿದ ಪಟ್ಟಿಯನ್ನು ಸಣ್ಣ ತುದಿಯಿಂದ ಆರಂಭಿಸಿ ಸುರುಳಿಯಾಗಿ ಸುತ್ತುತ್ತ ಬಂದರೆ ಕಹಳೆಯ ಆಕಾರವಾಗುತ್ತದೆ. ಅಗಲವಾದ ತುದಿಗೆ ಅದೇ ಕಡ್ಡಿಯ ಚೂರನ್ನು ಚುಚ್ಚಿ ನಿಲ್ಲಿಸಬೇಕು. ಸಣ್ಣ ತುದಿಯನ್ನು ಬೆರಳುಗಳಿಂದ ಮೆಲ್ಲನೆ ಒತ್ತಿ ಚಪ್ಪಟೆ ಮಾಡಬೇಕು. ಊದಿದಾಗ ಆ ಚಪ್ಪಟೆಯಾದ ಎರಡು ಪದರಗಳು ನಡುಗಿ ಧ್ವನಿಯು ಹೊರಡುತ್ತದೆ. ಇನ್ನೊಂದು ಗರಿಯನ್ನು ಸೇರಿಸಿ ಕಹಳೆಯನ್ನು ಉದ್ದ ಮಾಡಿದರೆ ಧ್ವನಿಯು ತಗ್ಗುತ್ತದೆ. ಅಣ್ಣತಂಗಿಯರು ಇಬ್ಬರಿದ್ದರೆ ಎರಡು ಅಳತೆಯ ಪೀಪಿಗಳನ್ನು ಮಾಡಲಿ. ಮಧ್ಯಾಹ್ನದ ನಿದ್ರೆಗೆ ಭಂಗ ಬಂದೀತೆಂದು ಮನೆಯವರು ಕೋಪಿಸಬಾರದು.

ಇನ್ನು ಮುಖ್ಯವಾದದ್ದು ಮಣ್ಣಿನ ಕೆಲಸ. ಮೊದಲ ಮಳೆಗಳು ಬಿದ್ದಿರುವ ಈ ದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಕುಟುಂಬ ಸಮೇತರಾಗಿ ಊರ ಕೆರೆಯ ಕಡೆಗೆ ಹೊರಡುವುದು ಒಳ್ಳೆಯದು. ಬಿಸಿಲೇರುವ ಮೊದಲೇ ಹೋಗಿ ಹತ್ತು ಗಂಟೆಯೊಳಗೆ ಮರಳಬೇಕು. ಕೆರೆಯ ಪಾತ್ರದಲ್ಲಿ ಒಣಗಿ, ಹೆಂಚಿನ ಚೂರುಗಳಂತೆ ಬಿರಿದ ನೆಲವೆಲ್ಲಿದೆಯೋ ಅಲ್ಲಿ ಜೇಡಿಮಣ್ಣಿದೆಯೆಂದು ತಿಳಿಯಬೇಕು. ಮರಳು ನೆಲವು ಹಾಗೆ ಬಿರಿಯುವುದಿಲ್ಲ. ಹಿಡಿ ಮಣ್ಣನ್ನು ನೀರಿನಲ್ಲಿ ನಾದಿ, ಬೆರಳ ಗಾತ್ರದ ಬತ್ತಿ ಹೊಸೆದು, ಬೆರಳಿನ ಸುತ್ತ ಬಗ್ಗಿಸಿ ನೋಡುವುದು. ಮುರಿಯದಿದ್ದರೆ ಕೆಲಸಕ್ಕೆ ಯೋಗ್ಯ. ಬಿರುಕುಬಿಟ್ಟರೆ ಮರಳು ಹೆಚ್ಚು.

ಇಲ್ಲಿ ವಾಚಕರಲ್ಲಿ ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ನಮ್ಮ ಬಾಲ್ಯದಲ್ಲಿ ಕೆರೆಯ ಅಂಗಳವು ಮೆಲ್ಲಮೆಲ್ಲನೆ ಇಳಿಜಾರಾಗಿತ್ತು. ಮೊಣಕಾಲುದ್ದ ನೀರಿನ ಮುಂದೆ ಸೊಂಟದುದ್ದ ನೀರು ಎಂಬ ಲೆಕ್ಕವಿತ್ತು. ಈಗ ಯಂತ್ರಗಳಿಂದ ಹೂಳನ್ನೂ ಮಣ್ಣನ್ನೂ ಎತ್ತಿದ ಅನೇಕ ಕೆರೆಗಳಲ್ಲಿ ಅಂಚು ಕಡಿದಾದ ಆಳದ ಗುಂಡಿಗಳಿವೆ. ಮೊದಲ ಮಳೆಗೆ ಅವು ತುಂಬಿ ಮೇಲಿನಿಂದ ನೋಡಿದರೆ ಒಂದೇ ಸಮನಾದ ನೀರಿನ ಹಾಳೆಯಂತೆ ಕಾಣುತ್ತವೆ. ಒಂದು ಹೆಜ್ಜೆಗೆ ಪಾದ ಮುಳುಗಿದರೆ ಮುಂದಿನ ಹೆಜ್ಜೆಗೆ ತಲೆ ಮುಳುಗುವುದು. ರಜೆಯ ದಿನಗಳಲ್ಲಿ ಮಕ್ಕಳು ಹೀಗೆ ಜೀವ ಕಳೆದುಕೊಂಡ ಸುದ್ದಿಯು ವೃತ್ತಪತ್ರಿಕೆಯಲ್ಲಿ ಬಾರದ ಬೇಸಗೆಯಿಲ್ಲ. ಆದ ಕಾರಣ ಮಣ್ಣು ತರಲು ಮಕ್ಕಳನ್ನಷ್ಟೇ ಎಂದಿಗೂ ಕಳುಹಿಸಬಾರದು. ನೀರಿನಿಂದ ದೂರದ ಒಣ ನೆಲದಲ್ಲಿಯೇ ಅಗೆಯಬೇಕು. ನಾದುವ ನೀರನ್ನು ಮನೆಯಿಂದಲೇ ಒಯ್ಯಬೇಕು. ಹಿರಿಯರೊಬ್ಬರು ಬೇರಾವ ಕೆಲಸವನ್ನೂ ಮಾಡದೆ ಮಕ್ಕಳ ಮೇಲೆ ದೃಷ್ಟಿಯಿಟ್ಟು ಕುಳಿತಿರಬೇಕು. ಕಣ್ಣು ನಮ್ಮದಾಗಿರಲಿ ಎಂದುದರ ಮೊದಲ ಅರ್ಥವಿದು.

ಮನೆಗೆ ತಂದ ಮಣ್ಣಿನಿಂದ ಕಲ್ಲು, ಬೇರುಗಳನ್ನು ಆರಿಸಿ, ಒಂದು ರಾತ್ರಿ ನೆನೆಯಿಟ್ಟು, ಚಪಾತಿಯ ಹಿಟ್ಟಿನ ಹದಕ್ಕೆ ನಾದಿ ಎತ್ತನ್ನು ಮಾಡಿಸಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಇದು ಹೊಸ ವಿದ್ಯೆಯಲ್ಲ. ಜ್ಯೇಷ್ಠದ ಕಾರಹುಣ್ಣಿಮೆಯಂದು ನಿಜವಾದ ಎತ್ತುಗಳಿಗೆ ಸಿಂಗಾರ. ಅಲ್ಲಿಂದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಅಂದು ಮಣ್ಣಿನ ಎತ್ತುಗಳಿಗೆ ಪೂಜೆ. ಈಗ ಕೈ ಪಳಗಿಸಿಕೊಂಡ ಮಗುವು ಆ ಹಬ್ಬಕ್ಕೆ ತಾನೇ ಎತ್ತು ಮಾಡಬಲ್ಲುದು. ಕಾಲು, ಕೊಂಬುಗಳನ್ನು ಅಂಟಿಸುವಲ್ಲಿ ಎರಡು ಕಡೆಯೂ ಗೀರು ಹಾಕಿ, ಗಂಜಿಯಂತೆ ಕಲಸಿದ ಮಣ್ಣನ್ನು ಸವರಿ ಒತ್ತಬೇಕು. ಬಿಸಿಲಿನಲ್ಲಿಟ್ಟರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗು ಹಸಿಯಾಗಿಯೇ ಇರುತ್ತದೆ, ಅದರಿಂದ ಬಿರುಕು. ನೆರಳಿನಲ್ಲಿ, ಒದ್ದೆ ಬಟ್ಟೆಯ ಮರೆಯಲ್ಲಿ, ನಿಧಾನವಾಗಿ ಆರಲಿ. ೧೯೨೧, ೧೯೨೨ನೆಯ ಇಸವಿಗಳಿಂದ ಹರಪ್ಪ, ಮೊಹೆಂಜೊದಾರೊಗಳನ್ನು ಅಗೆದಾಗ ಸುಟ್ಟ ಮಣ್ಣಿನ ಆಟದ ಬಂಡಿಗಳೂ ಪ್ರಾಣಿಗಳೂ ದೊರೆತವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ಆಟವನ್ನೇ ನಮ್ಮ ಮಕ್ಕಳೂ ಆಡುತ್ತಾರೆಂದು ಅವರಿಗೆ ಹೇಳಿರಿ.

ನಾವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯಲ್ಲಿದ್ದವರು. ಪ್ರತಿವರ್ಷದ ಕೈಕೆಲಸದ ಪ್ರದರ್ಶನದಲ್ಲಿ ಅಂದವಾದ ವಸ್ತುಗಳು ಬಹಳ ಬರುತ್ತಿದ್ದವು. "ಇದನ್ನು ಹೇಗೆ ಮಾಡಿದೆ?" ಎಂದು ಕೇಳಿದರೆ ಹುಡುಗನು ಹಿಂದಿರುಗಿ ತಂದೆಯ ಮುಖವನ್ನು ನೋಡುತ್ತಿದ್ದನು. ಒಂದು ವರ್ಷ ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳು ಒಂದು ಕಾಲು ಗಿಡ್ಡವಾದ, ಬೆನ್ನು ಬಿರಿದ ಎತ್ತನ್ನು ತಂದಿದ್ದಳು. ಅದು ಬಿರಿದುದೇಕೆಂದು ಕೇಳಿದೆವು. "ಒಲೆಯ ಹತ್ತಿರ ಇಟ್ಟೆ, ಬೇಗ ಒಣಗಿತು, ಇನ್ನೊಂದನ್ನು ಮಾಡಿ ಮಂಚದ ಕೆಳಗಿಟ್ಟಿದ್ದೇನೆ, ಅದು ಬಿರಿದಿಲ್ಲ" ಎಂದಳು. ಆ ದಿನದ ಬಹುಮಾನವು ಬೇರೊಂದು ವಸ್ತುವಿಗೆ ಹೋಯಿತು. ಆದರೆ ವಿದ್ಯೆಯು ಯಾರ ಮನೆಗೆ ಹೋಯಿತೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಹೀಗೆ ಕೈಯಾಡಿಸಿದ ಮಗುವಿಗೆ ಬಲ್ಲವರ ಕೈಯನ್ನು ತೋರಿಸಿದರೆ ಇನ್ನೂ ಲಾಭ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು ೬೦ ಕಿಲೋಮೀಟರು ದೂರದ ಚನ್ನಪಟ್ಟಣಕ್ಕೆ ರೈಲಿನಲ್ಲಿ ಹೋಗಿ ಅದೇ ದಿನ ಮರಳಬಹುದು. ಅಲ್ಲಿಯ ಕುಶಲಕರ್ಮಿಗಳು ಆಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅಂಗಡಿಯಲ್ಲಿ ಬೊಂಬೆಯನ್ನು ಕೊಳ್ಳುವ ಮೊದಲು ಮಕ್ಕಳಿಗೆ ಈ ಕೆಲಸವನ್ನು ತೋರಿಸಿರಿ. ಗಿಡ್ಡ ಕಾಲಿನ ಎತ್ತನ್ನು ಮಾಡಿದ ಮಗುವು ಆ ಬೆರಳುಗಳನ್ನು ನೋಡುವ ರೀತಿಯೇ ಬೇರೆ. ಬೆಲೆಯನ್ನು ಚೌಕಾಶಿ ಮಾಡುವ ಹಿರಿಯರನ್ನು ಅದು ತಡೆದರೂ ತಡೆಯಬಹುದು.

ಕಡೆಯದಾಗಿ ಒಂದು ವಿಜ್ಞಾಪನೆ. ಶಾಲೆಯು ತೆರೆದ ದಿನ ಮನೆಯನ್ನು ಗುಡಿಸುವಾಗ ಮೂಲೆಯಲ್ಲಿ ಒಣಗಿದ ಗರಿಯೂ ಕೊಂಬು ಮುರಿದ ಎತ್ತೂ ಸಿಕ್ಕುವುವು. ಮಗುವನ್ನು ಕೇಳದೆ ಅವನ್ನು ಹೊರಗೆ ಹಾಕಬಾರದು. ಬೇಡವೆಂದು ಅದೇ ಹೇಳುವ ದಿನ ಬರುತ್ತದೆ. ಆ ದಿನ ಗರಿಯು ಗೊಬ್ಬರದ ಗುಂಡಿಗೆ ಹೋಗಲಿ, ಎತ್ತನ್ನು ನೀರಿನಲ್ಲಿ ನೆನೆಸಿದರೆ ಮುಂದಿನ ಎತ್ತಿಗೆ ಮಣ್ಣಾಗುವುದು.